ಅಂಗಿಯೋ, ಬಿಲ್ಲೋ

ನನ್ನ ಬಾರಿನ ಹಿಂಗೋಡೆಯ ತುಂಬ ಅಂಗಿಯ ಬಾಲಗಳಿವೆ. ಚೌಕಳಿಯವು, ಪಟ್ಟೆಯವು, ಖಾಕಿಯವು. ಗುಲಾಬಿ ಹೂವಿನದೂ ಒಂದಿದೆ, ಅದನ್ನು ತೊಟ್ಟು ಬಂದವನು ಅದು ಹೆಂಡತಿಯ ಅಂಗಿ ಎಂದು ಕೊನೆಯವರೆಗೂ ಒಪ್ಪಲಿಲ್ಲ. ಬಿಲ್ಲು ಹಿಡಿದು ಕಾಡಿಗೆ ಹೋಗಿ, ಜಿಂಕೆಗೆ ಬಾಣ ಬಿಟ್ಟು, ಗುರಿ ತಪ್ಪಿದವರು ಶುಕ್ರವಾರ ಎಲ್ಲರೂ ಕರಿದ ಮೀನು ತಿನ್ನಲು ಸೇರಿದಾಗ ಬೆನ್ನು ತಿರುಗಿಸಿ ನಿಲ್ಲಬೇಕು. ಕೌಂಟರಿನ ಕೆಳಗಿನ ಕತ್ತರಿಯನ್ನು ನಾನು ಕೊಡುತ್ತೇನೆ. ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆದು, ಹೊಟ್ಟೆ ತುಂಬ ನಗುತ್ತೇವೆ. ಅಲ್ಲಿಗೆ ಮುಗಿಯಿತು. ಮಾರನೆಯ ಬೆಳಿಗ್ಗೆ ಅವರು ಮತ್ತೆ ಕಾಡಿಗೆ ಹೋಗಬಹುದು.

ಅದೇ ಗೋಡೆಯ ಮೇಲುಗಡೆ ಬಿಲ್ಲು ನೇತುಹಾಕುವ ಗೂಟಗಳಿವೆ. ಅವುಗಳ ವಿಷಯದಲ್ಲಿ ಯಾರೂ ನಗುವುದಿಲ್ಲ. ಬಾಣ ನಾಟಿಸಿಕೊಂಡ ಜಿಂಕೆ ಓಡಿಹೋಗಿ, ಎಲ್ಲೋ ನರಳಿ ಸತ್ತು, ಕೈಗೆ ಸಿಗದೆ ಹೋದರೆ, ಹೊಡೆದವನು ತನ್ನ ಬಿಲ್ಲನ್ನು ತಂದು ಅಲ್ಲಿ ಹಾಕಿ ಹೋಗಬೇಕು. ಮುಂದಿನ ವರ್ಷದವರೆಗೆ ಅದು ಇಳಿಯುವಂತಿಲ್ಲ. ಸರ್ಕಾರದ ಕಾನೂನು ಹಾಗೆ ಹೇಳುವುದಿಲ್ಲ. ವಿಸ್ಕಾನ್ಸಿನ್ನಿನ ಬೇರೆ ಊರಿನವರು ಕೇಳಿದರೆ ನಮಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಇದು ನಮ್ಮ ನಾರ್ಡಾಲ್ ಕಣಿವೆಯ ಕಟ್ಟಳೆ. ಹಾಕಿದವರು ನೀಗಾರ್ಡ್ ಅಜ್ಜ. ನಡೆಸಿಕೊಂಡು ಬಂದವಳು ಅವರ ಮಗಳು ಆರ್ಡಿಸ್.

ಅಂಗಿಯೋ, ಬಿಲ್ಲೋ ಎಂದು ತೀರ್ಮಾನ ಹೇಳುವವಳೂ ಅವಳೇ. ಬಾಣದ ಮೇಲಿನ ರಕ್ತ, ನೆಲಕ್ಕೆ ಬಿದ್ದ ಕೂದಲು, ಎಲೆಯ ಮೇಲಿನ ಹನಿ, ಇವನ್ನು ನೋಡಿ ಎಲ್ಲಿ ತಗಲಿದೆ, ಜಿಂಕೆ ಬದುಕುತ್ತದೋ ಸಾಯುತ್ತದೋ ಎಂದು ಹೇಳಿಬಿಡುತ್ತಾಳೆ. ಅವಳೆದುರು ವಾದ ಮಾಡುವುದು ಕಷ್ಟ, ಯಾಕೆಂದರೆ ಕಣಿವೆಯ ಅರ್ಧ ಗಂಡಸರು ಚಿಕ್ಕಂದಿನಲ್ಲಿ ಅವಳ ಕೈಯ ಅನ್ನ ತಿಂದವರು. ಶಾಲೆಯ ಅಡುಗೆಮನೆಯಲ್ಲಿ ಅವಳು ಕೂದಲು ನರೆಯುವವರೆಗೆ ಕೆಲಸ ಮಾಡಿದಳು. ಮದುವೆಯಾಗಲಿಲ್ಲ. ಹಾಲಿನ ಲಾರಿ ಓಡಿಸುವ ಡ್ವೇನ್, ಈಗ ಅವನಿಗೇ ಮೊಮ್ಮಕ್ಕಳಿದ್ದಾರೆ, ಅವಳು ಬಾರಿಗೆ ಬಂದರೆ ಸಾಕು, ತಟ್ಟೆಯಲ್ಲಿ ಬಿಟ್ಟ ಬಟಾಣಿಯನ್ನು ಗಬಗಬ ತಿಂದು ಮುಗಿಸುತ್ತಾನೆ. ಇವತ್ತಿಗೂ ಅವಳನ್ನು "ಮಿಸ್" ಎಂದೇ ಕರೆಯುತ್ತಾನೆ.

ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ನನ್ನ ಮೀನು ಹೆಚ್ಚು ಕರಿದಿದ್ದರೆ ಎಲ್ಲರ ಎದುರಿಗೇ ಹೇಳುತ್ತಾಳೆ. ನನಗೆ ಸಿಟ್ಟು ಬರುತ್ತದೆ, ಆದರೆ ಮೀನು ನಿಜವಾಗಿಯೂ ಹೆಚ್ಚು ಕರಿದಿರುತ್ತದೆ. ಇಂಥವಳ ಅಂಗಿಯ ಬಾಲ ಮಾತ್ರ ಗೋಡೆಯ ಮೇಲೆ ಇರಲಿಲ್ಲ.

ಕಟ್ಟಳೆ ಹುಟ್ಟಿದ ಕತೆಯನ್ನು ಅವಳೇ ಹೇಳಿದ್ದಾಳೆ. ಅವಳೂ ಅವಳ ಅಣ್ಣ ಒರ್ವಲ್ಲನೂ ಚಿಕ್ಕವರಿದ್ದಾಗ ಅವರಪ್ಪ ಒಂದು ಜಿಂಕೆಗೆ ಬಾಣ ಬಿಟ್ಟು, ಸ್ವಲ್ಪ ಹುಡುಕಿ, ಗೀರಿರಬೇಕು ಬಿಡು ಎಂದು ಮನೆಗೆ ಬಂದರು. ಹಿಮ ಕರಗಿದ ಮೇಲೆ ಅಣ್ಣ ತಂಗಿ ಅಣಬೆ ಹುಡುಕುತ್ತ ಹೋದಾಗ ತೊರೆಯ ಪಕ್ಕದಲ್ಲಿ ಅದು ಸಿಕ್ಕಿತು. ಮೂಳೆಗಳ ನಡುವೆ ಅಪ್ಪನ ಬಾಣವಿತ್ತು. ಸುತ್ತಲಿನ ನೆಲವೆಲ್ಲ ಅದು ಒದ್ದಾಡಿ ಕೆರೆದದ್ದು. ಒರ್ವಲ್ ಅತ್ತನಂತೆ. ಆರ್ಡಿಸ್ ಬಾಣವನ್ನು ತಂದು ಊಟದ ಮೇಜಿನ ಮೇಲೆ ಇಟ್ಟಳಂತೆ. ಅಪ್ಪ ಬಿಲ್ಲು ತೆಗೆದುಕೊಂಡು ಈ ಬಾರಿಗೆ ಬಂದು, ಎಲ್ಲರೂ ನೋಡುವಂತೆ ಗೋಡೆಗೆ ನೇತುಹಾಕಿದರು.

ಈಗ ಮೂರು ವರ್ಷದ ಹಿಂದಿನ ಮಾತು. ಎಲೆ ಉದುರುವ ಕಾಲದಲ್ಲಿ ಒರ್ವಲ್ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದಕ್ಕೆ ಬಾಣ ಬಿಟ್ಟ. ಎಡಗಿವಿ ಸೀಳಿದ ಜಿಂಕೆ ಅದು; ಕಣಿವೆಯವರೆಲ್ಲ ಒಂದಲ್ಲ ಒಂದು ಸಲ ದೂರದಿಂದ ನೋಡಿ ಬಾಯಿ ಚಪ್ಪರಿಸಿದವರೇ. ಅವನ ಕಡೆಗೆ ಓರೆಯಾಗಿ ಮುಖ ಮಾಡಿ ನಿಂತಿತ್ತು. ಬಿಡಬಾರದಿತ್ತು, ಬಿಟ್ಟ. ಬಾಣ ಸಿಕ್ಕಿತು, ಜಿಂಕೆ ಸಿಗಲಿಲ್ಲ. ಆರ್ಡಿಸ್ ಸೋನೆ ಮಳೆಯಲ್ಲಿ ಮೊಣಕಾಲೂರಿಕೊಂಡು ತೊರೆಯವರೆಗೆ ರಕ್ತದ ಜಾಡು ಹಿಡಿದು ಹೋದಳು. ಅಲ್ಲಿ ಜಾಡು ಕಡಿದುಹೋಯಿತು.

ಆ ಶುಕ್ರವಾರ ಇಲ್ಲೇ, ಈ ಕೌಂಟರಿನ ಮುಂದೆ ಜಗಳವಾಯಿತು.

"ಗೀರಿದೆ ಅಷ್ಟೇ," ಎಂದ ಒರ್ವಲ್. "ಅಂಗಿ ಕತ್ತರಿಸಿ, ಮುಗಿಸಿ."

"ಬಾಣದ ಮೇಲಿನ ರಕ್ತದಲ್ಲಿ ಗುಳ್ಳೆ ಇತ್ತು," ಎಂದಳು ಆರ್ಡಿಸ್. "ಗುಳ್ಳೆ ಅಂದ್ರೆ ಶ್ವಾಸಕೋಶ. ಅದು ಸತ್ತಿದೆ, ಒರ್ವಲ್. ಬೇಗನೂ ಸತ್ತಿಲ್ಲ. ಬಿಲ್ಲು ತಗೊಂಡು ಬಾ."

"ನೀನಿದ್ಯಾ ಅಲ್ಲಿ? ನಾನಿದ್ದೆ!"

"ಅಪ್ಪ ಆಗಿದ್ರೆ ಇಷ್ಟೊತ್ತಿಗೆ ನೇತುಹಾಕಿರ್ತಿದ್ರು."

ಅಪ್ಪನ ಹೆಸರು ತೆಗೆದದ್ದೇ ತಡ, ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಒರ್ವಲ್ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡು, ತನ್ನ ನೀಲಿ ಚೌಕಳಿಯ ಅಂಗಿಯನ್ನು ತಾನೇ ಅಡ್ಡಾದಿಡ್ಡಿ ಕತ್ತರಿಸಿ, ಕೌಂಟರಿನ ಮೇಲೆ ಎಸೆದು ಹೊರಟುಹೋದ. ಬಿಲ್ಲು ಬರಲಿಲ್ಲ. ನಾನು ಆ ತುಂಡನ್ನು ಗೋಡೆಯ ಒಂದು ಮೂಲೆಗೆ ಹೊಡೆದೆ. ಅದರ ಪಕ್ಕದಲ್ಲಿ ಏನನ್ನೂ ಹೊಡೆಯಲು ಯಾರಿಗೂ ಧೈರ್ಯವಾಗಲಿಲ್ಲ.

ಅವತ್ತಿನಿಂದ ಅಣ್ಣ ತಂಗಿ ಮಾತು ಬಿಟ್ಟರು. ಇಬ್ಬರ ಮನೆಯೂ ಒಂದೇ ರಸ್ತೆಯ ಆಚೆ ಈಚೆ. ಇವಳ ಅಡುಗೆಮನೆಯ ಕಿಟಕಿಯಿಂದ ಅವನ ಅಡುಗೆಮನೆಯ ದೀಪ ಕಾಣುತ್ತದೆ. ಶುಕ್ರವಾರ ಅವನು ಐದಕ್ಕೆ ಬಂದು ತಿಂದು ಹೋಗುತ್ತಿದ್ದ, ಅವಳು ಏಳಕ್ಕೆ ಬರುತ್ತಿದ್ದಳು. ಅದೇ ಕಿಟಕಿ ಪಕ್ಕದ ಮೇಜು, ಅದೇ ಮೀನು, ಅದೇ ಆಲೂ ರೊಟ್ಟಿ. ನಡುವೆ ನಾನು ಮೇಜು ಒರೆಸಬೇಕು. ಹುಟ್ಟಿದಾಗಿನಿಂದ ಒಂದೇ ತಟ್ಟೆಯಲ್ಲಿ ತಿಂದವರು ಇವರಿಬ್ಬರೇ, ಇವರಿಗೆ ಬೇರೆ ಯಾರೂ ಇಲ್ಲ. ಒಬ್ಬರು ಇನ್ನೊಬ್ಬರ ಶವಯಾತ್ರೆಗೆ ಬರುವಾಗಲಾದರೂ ಮಾತಾಡುತ್ತಾರೋ ಇಲ್ಲವೋ ಎಂದು ನಾನು ಮೇಜು ಒರೆಸುತ್ತ ಯೋಚಿಸುತ್ತಿದ್ದೆ, ಮತ್ತು ಇಬ್ಬರ ಮೇಲೂ ನನಗೆ ಕೆಂಡದಂಥ ಕೋಪ ಬರುತ್ತಿತ್ತು.

ನಾನು ಬೇಟೆಯವಳಲ್ಲ. ಆದರೆ ಬೇಟೆಯ ಕತೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬಿಟ್ಟ ಬಾಣದ ಕತೆಯನ್ನು ಎಲ್ಲರೂ ಹೇಳುತ್ತಾರೆ, ಹೇಳುತ್ತ ಹೇಳುತ್ತ ಕೊಂಬು ಬೆಳೆಯುತ್ತದೆ. ಬಿಡದ ಬಾಣದ ಕತೆಯನ್ನು ಯಾರೂ ಹೇಳುವುದಿಲ್ಲ. ಆರ್ಡಿಸ್ ವಾರಗಟ್ಟಲೆ ಕಾಡಿಗೆ ಹೋಗಿ ಬರಿಗೈಯಲ್ಲಿ ಬರುತ್ತಾಳೆ. ಏನಾಯಿತು ಎಂದರೆ, "ಚೆನ್ನಾಗಿತ್ತು. ತುಂಬ ಬಂದ್ವು," ಅನ್ನುತ್ತಾಳೆ. ಹೊಡೆದೆಯಾ ಎಂದರೆ "ಇಲ್ಲ". ಆ ‘ಇಲ್ಲ’ದೊಳಗೆ ಏನಿದೆ ಎಂದು ನೋಡುವ ಆಸೆ ನನಗೆ ಬಹಳ ಕಾಲದಿಂದ ಇತ್ತು. ಕಳೆದ ನವೆಂಬರಿನಲ್ಲಿ ಕೇಳಿಯೇ ಬಿಟ್ಟೆ.

"ನಾನೂ ಬರ್ತೀನಿ ಕಣೇ ಒಂದಿನ. ಸುಮ್ನೆ ಕೂತಿರ್ತೀನಿ."

"ನೀನು, ಲವಾನ್? ಸುಮ್ನೆ?" ಎಂದಳು ಆರ್ಡಿಸ್.

"ಬಾಯಿಗೆ ಬೀಗ ಹಾಕ್ಕೋತೀನಿ."

"ಬೀಗದ ಕೈ ನನ್ನ ಹತ್ರ ಕೊಡ್ಬೇಕು. ಸೆಂಟು ಹಚ್ಚಿಕೊಂಡು ಬಂದ್ರೆ ವಾಪಸ್ ಕಳಿಸ್ತೀನಿ."

ಹೇಳಿದ ದಿನ ಬೆಳಕು ಹರಿಯುವ ಹೊತ್ತಿಗೆ ಅವಳ ಮನೆಗೆ ಹೋದೆ. ಹಿತ್ತಲಲ್ಲಿ, ರಾತ್ರಿ ಉಡುಪಿನ ಮೇಲೆ ದೊಡ್ಡ ಕೋಟು ಹಾಕಿಕೊಂಡು, ಬಿಲ್ಲು ಹಿಡಿದು ನಿಂತಿದ್ದಳು. ಹುಲ್ಲಿನ ಪೆಂಡಿಗೆ ಒಂದು ಕಾಗದದ ತಟ್ಟೆ ಸಿಕ್ಕಿಸಿತ್ತು. ಒಂದೇ ಒಂದು ಬಾಣ ಬಿಟ್ಟಳು. ತಟ್ಟೆಗೆ ಬಿತ್ತು. ಬಿಲ್ಲು ಇಳಿಸಿದಳು.

"ಇಷ್ಟೇನಾ ಅಭ್ಯಾಸ?"

"ಇಷ್ಟೇ. ಕೈ ತಣ್ಣಗಿರುವಾಗ ಒಂದು. ಕಾಡಲ್ಲಿ ಎರಡನೇದು ಯಾರು ಕೊಡ್ತಾರೆ?"

"ತಟ್ಟೆಗೆ ಬೀಳದಿದ್ರೆ?"

"ಒಳಗೆ ಹೋಗಿ ಬ್ರೆಡ್ ಮಾಡ್ತೀನಿ. ಅವತ್ತು ಕಾಡಿಗೆ ಹೋಗಲ್ಲ."

ಅವಳು ಬಟ್ಟೆ ಬದಲಾಯಿಸಿಕೊಂಡು ಬಂದಳು. ಕಾಡುಸೇಬಿನ ಮರಗಳಿರುವ ದಿಣ್ಣೆಯ ಕೆಳಗೆ ಬಟ್ಟೆಯ ಗೂಡಾರ ಕಟ್ಟಿಕೊಂಡಿದ್ದಾಳೆ. ಒಳಗೆ ಎರಡು ಮಡಚುವ ಕುರ್ಚಿ. ಅದರ ಕಿಂಡಿಯಿಂದ ಕೊನೆಯ ಸೇಬಿನ ಮರದವರೆಗೆ ಅವಳ ಗಡಿ. ಅದರಾಚೆ ಐರಾವತವೇ ಬಂದು ನಿಂತರೂ ಬಾಣ ಬಿಡುವುದಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ನನ್ನ ಮೂಗು ಸೋರಲು ಶುರುವಾಯಿತು, ಸೀನಿದರೆ ಇವಳು ನನ್ನನ್ನೇ ಹೊಡೆಯುತ್ತಾಳೆ ಎಂದು ಮೂಗು ಹಿಡಿದು ಕುಳಿತೆ.

ಮೊದಲು ಒಂದು ಹೆಣ್ಣು ಜಿಂಕೆ ಬಂತು. ನಮಗೆ ಅಡ್ಡವಾಗಿ, ಹತ್ತಿರದಲ್ಲೇ ನಿಂತಿತು. ಹೊಡಿ ಹೊಡಿ ಎಂದು ನಾನು ಕಣ್ಣಲ್ಲೇ ಹೇಳಿದೆ. ಅವಳು ಬಿಲ್ಲನ್ನು ಮುಟ್ಟಲೂ ಇಲ್ಲ. ಜಿಂಕೆ ಮುಂಗಾಲಿನಿಂದ ನೆಲ ಕುಟ್ಟಿ, ಬಾಲ ಎತ್ತಿ, ಹಾರಿ ಹೋಯಿತು.

"ಯಾಕೆ ಬಿಟ್ಟೆ?" ಎಂದು ಪಿಸುಗುಟ್ಟಿದೆ.

"ತಲೆ ಎತ್ತಿತ್ತು. ಏನೋ ಇದೆ ಅಂತ ಗೊತ್ತಾಗಿತ್ತು ಅದಕ್ಕೆ. ಬಿಲ್ಲಿನ ಹೆದೆ ಸದ್ದು ಮಾಡ್ತದೆ. ಬಾಣಕ್ಕಿಂತ ಮುಂಚೆ ಸದ್ದು ಹೋಗಿ ಮುಟ್ತದೆ. ಓಡೋಕೆ ಅಂತ ಅದು ಮೈ ಕುಗ್ಗಿಸ್ತದೆ. ನಾನು ಎದೆಗೆ ಬಿಟ್ಟಿದ್ದು ಬೆನ್ನಿಗೆ ಹೋಗಿ ನಾಟ್ತದೆ."

ಆಮೇಲೆ ಒಂದು ಎಳೆಯ ಗಂಡು ಬಂತು, ನೇರ ನಮ್ಮ ಕಡೆಗೇ ಮುಖ ಮಾಡಿಕೊಂಡು. ಎಷ್ಟು ಹತ್ತಿರ ಬಂತೆಂದರೆ ಅದರ ಮೂಗಿನ ಹಬೆ ಕಾಣುತ್ತಿತ್ತು. ಅದನ್ನೂ ಬಿಟ್ಟಳು.

"ಇದಕ್ಕೇನಾಗಿತ್ತು ದೊಡ್ಡ ರೋಗ?"

"ಎದುರಿಂದ ಬರೀ ಮೂಳೆ ಲವಾನ್. ಭುಜದ ಮೂಳೆ ಬಾಗಿಲು ಹಾಕ್ಕೊಂಡು ಕೂತಿರ್ತದೆ. ಬಾಣ ಜಾರಿ ಎಲ್ಲಿಗಾದ್ರೂ ಹೋಗಬಹುದು. ಒರ್ವಲ್‌ದೂ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮೂರು ವರ್ಷದಲ್ಲಿ ಅವಳ ಬಾಯಿಂದ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ನನಗೆ ಕೇಳಿಸಲೇ ಇಲ್ಲವೇನೋ ಎಂಬಂತೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕುಳಿತೆ.

ಮತ್ತೊಂದು ಹೆಣ್ಣು ಬಂತು. ತಲೆ ತಗ್ಗಿಸಿ ಸೇಬು ಮೇಯುತ್ತಿತ್ತು, ಅಡ್ಡ ನಿಂತಿತ್ತು, ಅವಳ ಗಡಿಯೊಳಗೇ ಇತ್ತು. ಈ ಸಲ ಆರ್ಡಿಸ್ ಬಿಲ್ಲು ಎತ್ತಿದಳು. ಎತ್ತಿದ ಬಿಲ್ಲು ಹಾಗೇ ಇಳಿಯಿತು. ಅದರ ಹಿಂದೆ, ಮೈಗೆ ಮೈ ತಾಗಿಸಿಕೊಂಡು ಒಂದು ಮರಿ ನಿಂತಿತ್ತು. ಬಾಣ ಒಂದರ ಮೈ ದಾಟಿ ಇನ್ನೊಂದಕ್ಕೂ ಹೋಗುತ್ತದೆ ಎಂದು ಅವಳು ಹೇಳದೆಯೇ ನನಗೆ ಹೊಳೆಯಿತು. ಹೊಳೆದದ್ದಕ್ಕೆ ಒಂಥರಾ ಖುಷಿಯಾಯಿತು, ಶಾಲೆಯಲ್ಲಿ ಲೆಕ್ಕ ಸರಿಬಂದಾಗ ಆಗುತ್ತಿದ್ದಂತೆ.

"ನೀನು ಬೇಟೆಗೆ ಬಂದಿದೀಯೋ, ಶಾಲೇಲಿ ಹಾಜರಿ ಹಾಕೋಕೆ ಬಂದಿದೀಯೋ?" ಎಂದು ಕೆಣಕಿದೆ. "ಹಂಗಾದ್ರೆ ಯಾವಾಗ ಹೊಡೆಯೋದು?"

"ಅಡ್ಡ ನಿಂತಿರಬೇಕು, ಇಲ್ಲಾ ಸ್ವಲ್ಪ ಆ ಕಡೆ ತಿರುಗಿರಬೇಕು. ಈ ಕಡೆಯ ಮುಂಗಾಲು ಮುಂದೆ ಹಾಕಿರಬೇಕು, ಆಗ ಎದೆ ತೆರೀತದೆ. ತಲೆ ಹುಲ್ಲಲ್ಲಿರಬೇಕು. ನಾನು ಅನ್ನೋಳು ಇದೀನಿ ಅಂತ ಅದಕ್ಕೆ ಗೊತ್ತೇ ಇರಬಾರದು."

"ಇಷ್ಟೆಲ್ಲ ಕೂಡಿ ಬರೋ ಹೊತ್ತಿಗೆ ನಾನು ಸತ್ತಿರ್ತೀನಿ."

"ನೀನು ನಿಧಾನಕ್ಕೆ ಸಾಯಿ, ಪರವಾಗಿಲ್ಲ. ಅದು ಬೇಗ ಸಾಯ್ಬೇಕು."

ಅವಳೇ ಮತ್ತೆ ಬಾಯಿಬಿಟ್ಟಳು. "ಇನ್ನೊಂದಿದೆ. ಎಲ್ಲ ಸರಿಯಾಗಿದ್ರೂ, ಅದು ನನಗೆ ತುಂಬ ಬೇಕು ಅನ್ಸಿದ್ರೆ ಬಿಡಲ್ಲ ಬಾಣ."

"ಬೇಡ ಅನ್ಸಿದ್ರೆ ಬಿಡ್ತೀಯಾ? ಇದೊಳ್ಳೆ ಕತೆ!"

"ಮಾಂಸ ಬೇಕು ಅನ್ಸಬೇಕು. ಅದಕ್ಕಿಂತ ಜಾಸ್ತಿ ಏನೂ ಅನ್ಸಬಾರದು. ಕೊಂಬು ಬೇಕು, ಹೆಸರು ಬೇಕು, ಯಾರಿಗೋ ತೋರಿಸ್ಬೇಕು ಅಂತ ಮನಸ್ಸು ಓಡಿದ್ರೆ, ಕಣ್ಣು ಇಲ್ಲದ್ದನ್ನೆಲ್ಲ ಇದೆ ಅಂತ ತೋರಿಸ್ತದೆ."

ಇದು ನನಗೆ ಅಷ್ಟಾಗಿ ಅರ್ಥವಾಗಲಿಲ್ಲ. ಆಗ ಅವಳು ನನ್ನ ಮೊಣಕಾಲು ಹಿಡಿದು ಒತ್ತಿದಳು.

ದಿಣ್ಣೆಯ ಮೇಲಿನಿಂದ ಒಂದು ದೊಡ್ಡ ಗಂಡು ಇಳಿದು ಬರುತ್ತಿತ್ತು. ಕತ್ತು ಗೂಳಿಯ ಕತ್ತಿನ ಹಾಗೆ ದಪ್ಪ. ನಾನು ನೋಡಿದ್ದು ಕೊಂಬನ್ನು, ಎಲ್ಲರೂ ನೋಡುವುದು ಅದನ್ನೇ. ಆರ್ಡಿಸ್ ದುರ್ಬೀನು ಎತ್ತಿ ನೋಡಿದವಳು ಕಲ್ಲಾಗಿ ಹೋದಳು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ತನ್ನ ಎಡಗಿವಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ನೋಡಿದೆ. ಜಿಂಕೆಯ ಎಡಗಿವಿ ತುದಿಯಿಂದ ಸೀಳಿತ್ತು.

ಸತ್ತ ಜಿಂಕೆ ಸೇಬು ತಿನ್ನಲು ಬಂದಿತ್ತು.

ಅದು ಮರದ ಕೆಳಗೆ ಬಂದು ನಮಗೆ ಅಡ್ಡವಾಗಿ ತಿರುಗಿತು. ಎದೆಯ ಕೆಳಭಾಗದಲ್ಲಿ, ಮುಂಗಾಲುಗಳ ಬುಡದಲ್ಲಿ, ಕೂದಲಿಲ್ಲದ ಒಂದು ಬೂದು ಗೀರು ಉದ್ದಕ್ಕೆ ಹರಿದಿತ್ತು. ಒರ್ವಲ್ಲನ ಬಾಣ ಎದೆಯೊಳಗೆ ಹೋಗಿರಲೇ ಇಲ್ಲ. ಕೆಳಗಿನ ಮಾಂಸವನ್ನು ಸೀಳಿಕೊಂಡು ಆಚೆ ಹೋಗಿತ್ತು, ಅಷ್ಟೇ. ಗೀರಿದೆ ಎಂದು ಅವನು ಹೇಳಿದ್ದು ನಿಜವಾಗಿತ್ತು.

ಆರ್ಡಿಸ್ ಬಿಲ್ಲು ಎತ್ತಿ ಹೆದೆ ಎಳೆದಳು. ಜಿಂಕೆ ತಲೆ ತಗ್ಗಿಸಿ ಸೇಬಿಗೆ ಬಾಯಿ ಹಾಕಿತು. ಈ ಕಡೆಯ ಮುಂಗಾಲನ್ನು ಒಂದು ಹೆಜ್ಜೆ ಮುಂದಿಟ್ಟಿತು. ಹಿಂದೆ ಮರಿಯಿಲ್ಲ, ಮುಂದೆ ರೆಂಬೆಯಿಲ್ಲ. ಅವಳು ಹೇಳಿದ್ದೆಲ್ಲ ಒಂದೊಂದಾಗಿ ಕೂಡಿ ಬಂತು. ನಾನು ಎಣಿಸುತ್ತಿದ್ದೆ. ಅಡ್ಡ, ಕಾಲು, ತಲೆ. ಈಗ, ಈಗ.

ಅವಳ ಮೊಣಕೈ ನಡುಗುತ್ತಿತ್ತು. ಬೆಳಿಗ್ಗೆ ಹಿತ್ತಲಲ್ಲಿ ಅಲುಗಾಡದ ಕೈ ಅದು. ನಿಧಾನವಾಗಿ ಹೆದೆಯನ್ನು ಸಡಿಲಿಸಿ ಬಿಲ್ಲು ಇಳಿಸಿದಳು. ಜಿಂಕೆ ನೆಮ್ಮದಿಯಾಗಿ ಸೇಬು ತಿಂದು ಮುಗಿಸಿ, ಒಮ್ಮೆ ಮೈ ಕೊಡವಿ, ತೊರೆಯ ಕಡೆಗೆ ನಡೆದುಹೋಯಿತು.

"ಮಳೆ," ಎಂದಳು ಆರ್ಡಿಸ್.

"ಏನಂದೆ?"

"ಗುಳ್ಳೆ ಅಲ್ಲ ಅದು, ಮಳೆ. ಅವತ್ತು ಸೋನೆ ಹನೀತಿತ್ತು. ರಕ್ತದ ಮೇಲೆ ಹನಿ ಬಿದ್ರೂ ಗುಳ್ಳೆ ಏಳ್ತದೆ. ನಾನು ಬಾಣ ಒಂದನ್ನೇ ನೋಡ್ದೆ, ಆಕಾಶ ನೋಡ್ಲಿಲ್ಲ." ಬಿಲ್ಲನ್ನು ಪಕ್ಕಕ್ಕೆ ಒರಗಿಸಿದಳು. "ಕೂದಲೂ ಇತ್ತು ಲವಾನ್. ಬಿಳೀದು, ಒರಟು. ಎದೆ ಕೆಳಗಿನ ಕೂದಲು. ಅದನ್ನ ನೋಡಿಯೂ ನೋಡ್ಲಿಲ್ಲ. ಓರೆ ನಿಂತಿದ್ದಕ್ಕೆ ಬಾಣ ಬಿಟ್ನಲ್ಲ ಅಂತ ಅವನ ಮೇಲೆ ಸಿಟ್ಟಿತ್ತು. ಸಿಟ್ಟಲ್ಲಿ ಗುಳ್ಳೆ ಕಾಣ್ತು."

ನನಗೆ ತಡೆಯಲಾಗಲಿಲ್ಲ. "ಹಂಗಿದ್ಮೇಲೆ ಹೊಡೀಬೇಕಿತ್ತು ಕಣೇ! ಎಲ್ಲ ಕೂಡಿ ಬಂದಿತ್ತಲ್ಲ. ಚರ್ಮದ ಮೇಲೆ ಗಾಯ ಇದೆ, ತಗೊಂಡು ಹೋಗಿ ಒರ್ವಲ್ ಮುಂದೆ ಹಾಕಿದ್ರೆ ಸಾಕಾಗ್ತಿತ್ತು."

"ಅದಕ್ಕೇ ಕೈ ನಡುಗಿದ್ದು," ಎಂದಳು. "ಸಾಕ್ಷಿಗೆ ಅಂತ ಜಿಂಕೆ ಕೊಲ್ಲೋದಾ?"

"ಹಂಗಾದ್ರೆ ಅವನು ಹೆಂಗೆ ನಂಬ್ತಾನೆ? ನಾನು ಸಾಕ್ಷಿ ಹೇಳ್ತೀನಿ ಬಿಡು."

"ನಿನ್ನ ಸಾಕ್ಷಿನಾ? ನೀನು ಕುಡುಕರಿಗೆಲ್ಲ ಹೂಂ ಹೂಂ ಅನ್ನೋಳು."

ನಗು ಬಂತು, ಇಬ್ಬರಿಗೂ. ಅವಳದು ಅರ್ಧಕ್ಕೇ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೋದದ್ದನ್ನು ಹೇಗೆ ತರುವುದು ಎಂದು ಅವಳು ಮನೆಗೆ ಮರಳುವ ದಾರಿಯುದ್ದಕ್ಕೂ ಯೋಚಿಸುತ್ತಿದ್ದಿರಬೇಕು.

ಆ ಶುಕ್ರವಾರ ಅವಳು ಏಳಕ್ಕೆ ಬರಲಿಲ್ಲ. ಐದಕ್ಕೇ ಬಂದಳು.

ಒರ್ವಲ್ ಕಿಟಕಿ ಪಕ್ಕದ ಮೇಜಿನಲ್ಲಿ ಮೀನಿಗೆ ನಿಂಬೆಹಣ್ಣು ಹಿಂಡುತ್ತಿದ್ದ. ಬಾಗಿಲು ತೆರೆದದ್ದನ್ನು ಎಲ್ಲರೂ ನೋಡಿದರು, ಅವನೊಬ್ಬನೇ ನೋಡಲಿಲ್ಲ. ಅವಳು ನೇರ ಕೌಂಟರಿಗೆ ಬಂದಳು. ಒಳ್ಳೆಯ ಅಂಗಿ ಹಾಕಿಕೊಂಡಿದ್ದಳು, ಚರ್ಚಿಗೆ ಹಾಕುವ ಬಿಳಿ ಅಂಗಿ.

"ಕತ್ತರಿ ಕೊಡು, ಲವಾನ್."

ಡ್ವೇನ್ ಸ್ಟೂಲಿನಿಂದ ಬೀಳುವುದೊಂದು ಬಾಕಿ. "ಅಯ್ಯಯ್ಯೋ! ಮಿಸ್ ಗುರಿ ತಪ್ಪಿದ್ರಾ? ಫೋಟೋ ತೆಗೀರಪ್ಪಾ ಯಾರಾದ್ರೂ!"

"ತಪ್ಪಿದ್ದು ಬಾಣ ಅಲ್ಲ ಡ್ವೇನ್, ಬಾಯಿ. ನೀನು ಬಟಾಣಿ ತಿನ್ನು."

ಅವಳು ಕತ್ತರಿ ಹಿಡಿದು ಕಿಟಕಿ ಪಕ್ಕದ ಮೇಜಿಗೆ ನಡೆದಳು. ಹಿಡಿಯನ್ನು ಅಣ್ಣನ ಕಡೆಗೆ ಮಾಡಿ ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ನಿನ್ನ ಜಿಂಕೆ ಬದುಕಿದೆ, ಒರ್ವಲ್. ನೋಡ್ದೆ."

ಒರ್ವಲ್ ತಲೆ ಎತ್ತಲಿಲ್ಲ. "ಯಾವ ಕಿವಿ?"

"ಎಡ."

"ಗಾಯ?"

ಅವಳು ತನ್ನ ಎದೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ, ಬೆರಳಿನಿಂದ ಉದ್ದಕ್ಕೆ ಗೆರೆ ಎಳೆದು ತೋರಿಸಿದಳು. ಅವನು ಈಗ ನೋಡಿದ. ನಿಂಬೆಹಣ್ಣಿನ ಹೋಳು ಕೈಯಲ್ಲೇ ಇತ್ತು.

"ಸೊಕ್ಕಿ ಬೆಳೆದಿದೆ," ಎಂದಳು ಆರ್ಡಿಸ್. "ಗೀರಿದ್ದು ಅಷ್ಟೇ. ನೀನು ಹೇಳಿದ್ದೇ ಸರಿ. ನಾನು ಮಳೆ ನೋಡಿ ಗುಳ್ಳೆ ಅಂದೆ. ತಪ್ಪಾಯ್ತು."

ಒರ್ವಲ್ ಕುಣಿಯುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಎರಡೂ ಮಾಡಲಿಲ್ಲ. ನಿಂಬೆಹಣ್ಣಿನ ಹೋಳನ್ನು ತಟ್ಟೆಯ ಅಂಚಿಗಿಟ್ಟು, "ನಾನು ಹೋಗಲೇ ಇಲ್ಲ," ಎಂದ.

"ಎಲ್ಲಿಗೆ?"

"ಕಾಡಿಗೆ. ಅವತ್ತಿಂದ ಹೋಗಿಲ್ಲ."

ನಮಗೆಲ್ಲ ಅವನು ತನ್ನ ದಿಣ್ಣೆಯ ಮೇಲೆ ಒಬ್ಬನೇ ಬೇಟೆಯಾಡುತ್ತಾನೆ ಎಂದೇ ಅನ್ನಿಸಿತ್ತು. ಆರ್ಡಿಸಳಿಗೂ.

"ನಿನ್ನ ಮೇಲಿನ ಸಿಟ್ಟಿಗೆ ಬಿಲ್ಲನ್ನ ಇಲ್ಲಿಗೆ ತರಲಿಲ್ಲ. ಮನೇಲೇ ಗೂಟಕ್ಕೆ ಹಾಕ್ದೆ. ವರ್ಷ ಆದ್ಮೇಲೂ ಇಳಿಸೋಕೆ ಕೈ ಬರಲಿಲ್ಲ. ಅಪ್ಪನ ಜಿಂಕೆ ನೆನಪಿದೆಯಲ್ಲ, ನೆಲ ಎಲ್ಲ ಕೆರೆದಿತ್ತು. ಅದೇ ಕಣ್ಣಿಗೆ ಬರ್ತಿತ್ತು. ನನ್ನದೂ ಹಂಗೇ ಸತ್ತಿರ್ತದೆ ಅಂತ."

"ಗೀರಿದೆ ಗೀರಿದೆ ಅಂತ ಇಡೀ ಬಾರಿಗೆ ಕೇಳೋ ಹಾಗೆ ಕೂಗಾಡಿದ್ಯಲ್ಲ?"

"ಕೂಗಾಡೋದು ಬೇರೆ. ನೀನು ಸತ್ತಿದೆ ಅಂದ್ಮೇಲೆ ಸತ್ತಿದೆ ಅಂತಾನೇ ನಂಬಿದ್ದೆ ನಾನು. ಯಾವತ್ತು ನಿನ್ನ ಮಾತು ಸುಳ್ಳಾಗಿತ್ತು?"

ಆರ್ಡಿಸ್ ಕುರ್ಚಿ ಎಳೆದು ಕುಳಿತುಬಿಟ್ಟಳು. ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ನನಗೆ ಗೊತ್ತು. ನಂಬಿದ್ದೆ ಎಂದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಚರ್ಚಿನ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು. ಕೌಂಟರಿನ ಹಿಂದೆ ನಾನೂ ಒರೆಸಿಕೊಂಡೆ, ಲೋಟ ಒರೆಸುವ ಬಟ್ಟೆಯಿಂದ.

"ಎದ್ದು ತಿರುಗು, ಹುಡುಗಿ," ಎಂದ ಒರ್ವಲ್. ಎಪ್ಪತ್ತು ದಾಟಿದ ತಂಗಿಯನ್ನು ಅವನು ಕರೆಯುತ್ತಿದ್ದದ್ದು ಹಾಗೆಯೇ.

ಅವಳು ಎದ್ದು ಬೆನ್ನು ತಿರುಗಿಸಿದಳು. ತನ್ನದನ್ನು ಅಡ್ಡಾದಿಡ್ಡಿ ಕತ್ತರಿಸಿದ್ದವನು ಅವಳದನ್ನು ದರ್ಜಿಯ ಹಾಗೆ ನೆಟ್ಟಗೆ ಕತ್ತರಿಸಿದ. ಯಾರೂ ನಗಲಿಲ್ಲವಾದ್ದರಿಂದ ಡ್ವೇನ್ ಧೈರ್ಯ ಮಾಡಿ ಒಂದು ಸಲ ನಕ್ಕ, ಆಮೇಲೆ ಎಲ್ಲರೂ ನಕ್ಕರು. ನಾನು ಮೊಳೆ ತಂದೆ. ನೀಲಿ ಚೌಕಳಿಯ ಪಕ್ಕದಲ್ಲಿ ಖಾಲಿ ಜಾಗವಿತ್ತು. ಬಿಳಿ ತುಂಡನ್ನು ಅಲ್ಲಿಗೆ ಹೊಡೆದೆ. ಯಾರನ್ನೂ ಕೇಳದೆ ಎರಡನೆಯ ತಟ್ಟೆ ಮೀನನ್ನು ಕಿಟಕಿ ಪಕ್ಕದ ಮೇಜಿಗೆ ಇಟ್ಟೆ.

"ಹೊಡೆಯೋ ಹಾಗೆ ನಿಂತಿತ್ತಾ?" ಎಂದು ಒರ್ವಲ್ ಕೇಳಿದ.

"ಅಡ್ಡ. ಮುಂಗಾಲು ಮುಂದೆ. ತಲೆ ಹುಲ್ಲಲ್ಲಿ."

"ಮತ್ಯಾಕೆ ಬಿಟ್ಟೆ?"

"ಒಂದ್ಸಲ ಸುಮ್ನೆ ಸಾಯಿಸಿದ್ದೆನಲ್ಲ, ಸಾಕು ಅನ್ನಿಸ್ತು."

ಅವಳು ಮೀನನ್ನು ಮುಟ್ಟದೆ ಎದ್ದು ಹೊರಗೆ ಹೋದಳು. ಮತ್ತೆ ಏನಾಯಿತಪ್ಪಾ ಎಂದು ನಾವು ಮುಖ ಮುಖ ನೋಡಿಕೊಂಡೆವು. ತನ್ನ ಪಿಕಪ್ಪಿನಿಂದ ಬಿಲ್ಲು ತೆಗೆದುಕೊಂಡು ಒಳಗೆ ಬಂದಳು. ಸ್ಟೂಲು ಎಳೆದು, ಹತ್ತಿ, ಬಿಲ್ಲನ್ನು ಗೋಡೆಯ ಗೂಟಕ್ಕೆ ಹಾಕಿದಳು. ಬೇಟೆಯ ಕಾಲ ಇನ್ನೂ ಮುಗಿದಿರಲಿಲ್ಲ. ಅವಳ ಫ್ರೀಜರಿನಲ್ಲಿ ಆ ವರ್ಷದ ಮಾಂಸ ಒಂದು ತುಂಡೂ ಇರಲಿಲ್ಲ.

"ಏನಿದು? ಅಂಗಿ ಕತ್ತರಿಸ್ದೆನಲ್ಲ," ಎಂದ ಒರ್ವಲ್. "ತಪ್ಪಿದ್ದಕ್ಕೆ ಅಂಗಿ. ಮುಗೀತು."

"ಅಂಗಿ ಜಿಂಕೆ ಲೆಕ್ಕಕ್ಕೆ," ಎಂದಳು ಸ್ಟೂಲಿನ ಮೇಲಿಂದಲೇ. "ನಿನ್ನ ವಿಷಯದಲ್ಲಿ ತಪ್ಪಲಿಲ್ಲ, ನಾಟಿತು. ನಾಟಿಸ್ಕೊಂಡು ನೀನು ರಸ್ತೆ ದಾಟಿ ಹೋದೆ. ನಾನು ಹುಡುಕ್ಕೊಂಡು ಬರಲಿಲ್ಲ."

ಒರ್ವಲ್ ಎದ್ದು ಹೋಗಿ ಅವಳು ಇಳಿಯಲು ಕೈ ಕೊಟ್ಟ. ಇಬ್ಬರೂ ಮೇಜಿಗೆ ಬಂದು ಕುಳಿತರು. ಅವಳು ಮೀನಿನ ಒಂದು ಚೂರು ಬಾಯಿಗಿಟ್ಟು, ನನ್ನ ಕಡೆ ತಿರುಗಿ, ಹೆಚ್ಚು ಕರಿದಿದ್ದೀಯ ಎಂದಳು. ನಿಜವಾಗಿಯೂ ಹೆಚ್ಚು ಕರಿದಿತ್ತು. ಅವರನ್ನು ನೋಡುತ್ತ ನಿಂತವಳು ಬಾಣಲೆ ಮರೆತಿದ್ದೆ.